ಆರನೇ ಹೋಲಿನ ಕಡಲೆ

“ಮಾಳ್ಯಾ, ಮುಷ್ಟಿ ಮುಷ್ಟಿ ಚೆಲ್ಲಬ್ಯಾಡಲೇ! ಒಂದೊಂದು ಕಾಳು ಬಿಡು, ಒಂದೊಂದು!”

ಚಂದ್ರಮತಿ ಕೂಗಿದ ಕೂಗು ಹೊಳೆಯ ಆಚೆ ದಂಡೆಗೂ ಕೇಳಿಸಿರಬೇಕು. ಆದರೆ ಎರಡು ಮಾರು ದೂರದಲ್ಲಿದ್ದ ತಮ್ಮ ಮಾಳಸಿದ್ದನಿಗೆ ಮಾತ್ರ ಕೇಳಿಸಲಿಲ್ಲ. ಅವನಿಗೆ ಆರು ವರ್ಷ. ಬೇಡ ಎಂದ ಮಾತು ಅವನ ಕಿವಿಯ ಹತ್ತಿರ ಬಂದು ಹಾಗೇ ತಿರುಗಿ ಹೋಗುತ್ತದೆ ಎಂದು ಅವ್ವ ದಿನವೂ ಹೇಳುತ್ತಿದ್ದಳು.

ಆ ವರ್ಷ ಶ್ರಾವಣದಲ್ಲಿ ಕೃಷ್ಣೆಗೆ ಮಹಾಪೂರ ಬಂದಿತ್ತು. ಇಳಿದು ಹೋಗುವಾಗ ಹೊಳೆ ದಂಡೆಯ ಹೊಲಗಳ ಮೇಲೆಲ್ಲ ಒಂದು ಗೇಣು ಕರಿಮಣ್ಣು ಹಾಸಿ ಹೋಗಿತ್ತು. ಈಗ ದಸರಾ ಸೂಟಿ. ಮೇಲೆ ಒಣಗಿ ಒಳಗೆ ತಂಪಾಗಿದ್ದ ಆ ಮಣ್ಣಿನಲ್ಲಿ ಕಾಲಿಟ್ಟರೆ ಬೆಣ್ಣೆಯಲ್ಲಿ ಕಾಲಿಟ್ಟ ಹಾಗಾಗುತ್ತಿತ್ತು.

“ಹೊಳಿ ಕೊಟ್ಟ ಮಣ್ಣಾಗ ಕಲ್ಲ ಬಿತ್ತಿದ್ರೂ ಚಿಗೀತೈತಿ,” ಎಂದಳು ಚನ್ನವ್ವ ಆಯಿ. ಆಯಿ ಅಂದರೆ ಚಂದ್ರಿಯ ಅಪ್ಪನ ತಾಯಿ. ಮುಂಜಾನೆಯಿಂದ ಕೂಲಿಯವರ ಜೊತೆ ಹೊಲವನ್ನೆಲ್ಲ ಬಿತ್ತಿ ಅವಳ ಮೊಣಕಾಲು ನೋಯುತ್ತಿತ್ತು. ಕಣ್ಣಿಗೆ ಪರೆ ಬೇರೆ ಬಂದಿತ್ತು. ಉಳಿದ ತುಂಡನ್ನು ಮೊಮ್ಮಕ್ಕಳಿಗೆ ಒಪ್ಪಿಸಿ, ಬಾವಿಯ ಕಟ್ಟೆಯ ನೆರಳಿನಲ್ಲಿ ಕೂತುಬಿಟ್ಟಿದ್ದಳು.

“ಎಲ್ಲಿ ತನಕ ಬಿತ್ತೂದು ಆಯಿ?” ಚಂದ್ರಿ ಕೇಳಿದಳು. ಪೂರದಲ್ಲಿ ಹೊಲದ ಗಡಿ ತೋರುವ ಬಾಂದ, ಬದು, ಕಾಲುದಾರಿ ಎಲ್ಲ ಮುಚ್ಚಿ ಹೋಗಿ ಎತ್ತ ನೋಡಿದರೂ ಒಂದೇ ಕರಿ ಬಯಲು ಕಾಣುತ್ತಿತ್ತು.

“ಜಾಲಿ ಗಿಡದ ತನಕ ನಮ್ದು. ಗೊತ್ತಿಲ್ಲೇನು ನಿನಗ? ಜೋಕಾಲಿ ಕಟ್ಟಿದ್ದ ಗಿಡ.”

“ಗೊತ್ತೈತಿ, ಗೊತ್ತೈತಿ.”

“ಮತ್ತ ಒಂದು ನೆನಪಿಡು. ಕಡೀ ಸಾಲು ಹಾದಿ ಮಂದಿದು.”

“ಯಾಕ? ಹಾದಿ ಮಂದಿ ಬಂದು ಬಿತ್ತತಾರೇನು?”

“ಬಿತ್ತಂಗಿಲ್ಲ, ತಿಂತಾರ. ಹೊಳಿಗೆ ಹೋಗೋರು ಬರೋರು ಎರಡು ಗಿಡ ಕಿತ್ಕೊಂಡು ತಿನ್ಕೋತ ಹೋಗ್ತಾರ. ಅದನ್ನ ನಾವು ನೋಡಬಾರದು, ಕೇಳಬಾರದು. ನಿಮ್ಮ ಮುತ್ಯಾನ ಕಾಲದಿಂದ ಬಂದ ಪದ್ಧತಿ.”

ಚಂದ್ರಿಗೆ ಈ ಪದ್ಧತಿ ಹಿಡಿಸಲಿಲ್ಲ. ಬೆನ್ನು ಬಗ್ಗಿಸಿ ಬಿತ್ತುವವಳು ತಾನು. ತಿನ್ನುವವರು ಯಾರೋ, ಕೈ ಬೀಸಿಕೊಂಡು ಬರುವವರು!

ಪರಕಾರದ ಉಡಿಯಲ್ಲಿ ಕಡಲೆ ಕಾಳು ತುಂಬಿಕೊಂಡು, ಕೋಲಿನಿಂದ ಗೀರು ಎಳೆದು, ಕಾಳು ಬಿಡುತ್ತ, ಹೆಬ್ಬೆರಳಿನಿಂದ ಮಣ್ಣು ಸರಿಸುತ್ತ ಅವಳು ಹೊರಟಳು. ಅಂತೂ ಒಂದು ಕಡೆ ಜಾಲಿ ಗಿಡ ಕಂಡಿತು. ಕೊಂಬೆಯಲ್ಲಿ ಹೋದ ಪಂಚಮಿಯ ಜೋಕಾಲಿಯ ಹಗ್ಗದ ತುಂಡು ಇನ್ನೂ ನೇತಾಡುತ್ತಿತ್ತು. ಗಿಡ ಸ್ವಲ್ಪ ವಾಲಿಕೊಂಡಿತ್ತು. ಪೂರದಲ್ಲಿ ಮನೆಗಳೇ ವಾಲಿವೆ, ಗಿಡ ವಾಲಿದರೆ ಏನು ಮಹಾ?

ಕಡೆಯ ಸಾಲು ಬಂದಾಗ ಚಂದ್ರಿ ಕೈ ಬಿಗಿ ಹಿಡಿದಳು. ಇಲ್ಲೊಂದು ಕಾಳು, ಅಲ್ಲೊಂದು ಕಾಳು. “ಹಾದಿ ಮಂದಿಗೆ ಇಷ್ಟು ಸಾಕು,” ಎಂದುಕೊಂಡಳು.

ಅಷ್ಟರಲ್ಲಿ ಮಾಳ್ಯಾನಿಗೆ ಬೇಸರ ಬಂದಿತ್ತು. ನೆಲದಲ್ಲಿ ಒಂದು ಕಡೆ ಗೋಟಿ ಆಡುವ ಕುಣಿಯಷ್ಟು ತಗ್ಗು ಬಿದ್ದಿತ್ತು. ತನ್ನ ಕಿಸೆಯಲ್ಲಿದ್ದ ಕಾಳನ್ನೆಲ್ಲ ಅದರಲ್ಲಿ ಸುರಿದು, ಮೇಲೆ ಮಣ್ಣು ಎಳೆದು, ಎರಡು ಕಾಲಿನಿಂದ ತುಳಿದ.

“ಅಕ್ಕಾ, ನಂದು ಮುಗೀತು!”

ಬಿತ್ತನೆ ಹೀಗೆ ಮುಗಿಯಿತು. ತೊಂದರೆ ಶುರುವಾದದ್ದು ಆಮೇಲೆ.

ಚಂದ್ರಿಯ ಹೊಲದ ಪಕ್ಕದಲ್ಲಿ ಒಂದು ಗಾಲ್ಫ್ ಮೈದಾನವಿತ್ತು. ರಾಯಬಾಗ ಸೀಮೆಯ ಹೊಳೆದಂಡೆಯಲ್ಲಿ ಎಂಥಾ ಗಾಲ್ಫು ಎಂದು ನಗಬೇಡಿ. ಸಕ್ಕರೆ ಫ್ಯಾಕ್ಟರಿಯ ಹಳೆಯ ಮ್ಯಾನೇಜರರೊಬ್ಬರಿಗೆ ಆ ಹುಚ್ಚು ಇತ್ತು. ಅವರು ಹೋದರೂ ಹುಚ್ಚು ಉಳಿಯಿತು. ಫ್ಯಾಕ್ಟರಿಯ ಇಂಜಿನಿಯರುಗಳು, ಅಥಣಿಯ ಡಾಕ್ಟರು, ಕಬ್ಬು ದ್ರಾಕ್ಷಿ ಬೆಳೆಯುವ ದೊಡ್ಡ ರೈತರು ಸೇರಿ ಕ್ಲಬ್ಬು ನಡೆಸುತ್ತಿದ್ದರು. ಬೇರೆ ಕಡೆ ಹದಿನೆಂಟು ಹೋಲು ಇರುತ್ತವಂತೆ. ಇಲ್ಲಿ ಇದ್ದದ್ದು ಆರೇ. ಒಂದೊಂದು ಹೋಲಿನಲ್ಲಿ ಒಂದು ತಗಡಿನ ಡಬ್ಬಿ, ಪಕ್ಕದಲ್ಲಿ ಒಂದು ಕೆಂಪು ಬಾವುಟ.

“ಅಷ್ಟ ತ್ರಾಸ ತಗೊಂಡು ಚಂಡ ಕುಣಿಯೊಳಗ ಹಾಕ್ತಾರಲ್ಲ, ಮತ್ತ ಯಾಕ ಹೊರಗ ತಗೀತಾರ?” ಎಂದು ಮಾಳ್ಯಾ ಒಮ್ಮೆ ಕೇಳಿದ್ದ.

ಆ ಮೈದಾನವನ್ನು ನೋಡಿಕೊಳ್ಳುವವನು ಚಂದ್ರಿಯ ಅಪ್ಪ ಸತ್ತೆಪ್ಪ. ಹುಲ್ಲು ಕತ್ತರಿಸುವುದು, ಬಾವುಟ ನೆಡುವುದು, ದನ ಓಡಿಸುವುದು ಎಲ್ಲ ಅವನದೇ. ಪೂರ ಇಳಿದ ಮೇಲೆ ಅವನಿಗೆ ಮನೆಯ ಮುಖ ನೋಡಲೂ ಪುರಸೊತ್ತಿರಲಿಲ್ಲ. ಕ್ಲಬ್ಬಿನ ಕಟ್ಟಡದಲ್ಲಿ ಕಿಟಕಿಯವರೆಗೆ ಕೆಸರು ತುಂಬಿತ್ತು. ಕುರ್ಚಿಗಳು ತೇಲಿ ಹೋಗಿ ದಿಗ್ಗೇವಾಡಿಯ ಕಬ್ಬಿನ ಹೊಲದಲ್ಲಿ ಕಾಲು ಮೇಲೆ ಮಾಡಿಕೊಂಡು ಮಲಗಿದ್ದವು. ಬೆಳ್ಳಿಯ ಕಪ್ಪಿನೊಳಗೆ ಒಂದು ಕಪ್ಪೆ ಸಂಸಾರ ಹೂಡಿತ್ತು. ಅಪ್ಪ ಆಳುಗಳ ಜೊತೆ ಕೆಸರು ಎತ್ತಿ, ಗೋಡೆ ತೊಳೆದು, ಸುಣ್ಣ ಹೊಡೆದು, ಒಂದೊಂದೇ ಹೋಲನ್ನು ಹುಡುಕಿ ಅಗೆದು ಸರಿಮಾಡುತ್ತ ಬಂದ. ಐದನೆಯದರ ಆಚೆ ತಗ್ಗಿನಲ್ಲಿ ನೀರು ನಿಂತಿತ್ತು. ಹಾಗಾಗಿ ಹೊಳೆಯ ಕಡೆ ಇದ್ದ ಆರನೇ ಹೋಲು ದೀಪಾವಳಿ ದಾಟಿದರೂ ಹಾಗೇ ಉಳಿಯಿತು.

ಸ್ವಂತ ಹೊಲದ ಉಸಾಬರಿಯನ್ನು ಅಪ್ಪ ಆಯಿಗೆ ಬಿಟ್ಟಿದ್ದ. ಆಯಿ ಆಗಾಗ ಕೋಲೂರಿಕೊಂಡು ಹೋಗಿ ನೋಡಿ ಬರುತ್ತಿದ್ದಳು.

“ಕಡಲಿ ಭಾಳ ಚಲೋ ಎದ್ದೈತೆಪಾ,” ಎನ್ನುತ್ತಿದ್ದಳು. “ಆದ್ರ ಈ ವರ್ಷ ಹೊಲ ದೊಡ್ಡದಾದಂಗ ಅನಸ್ತೈತಿ. ಎಷ್ಟು ನಡದ್ರೂ ಮುಗೀವಲ್ದು.”

“ನಿನಗ ವಯಸ್ಸಾತು ಬೇ,” ಎಂದು ಅಪ್ಪ ನಗುತ್ತಿದ್ದ. ಚಂದ್ರಿಯೂ ನಗುತ್ತಿದ್ದಳು.

ತಗ್ಗಿನ ನೀರು ಇಂಗಿದ ಮೇಲೆ ಒಂದು ಐತವಾರ ಕ್ಲಬ್ಬಿನವರು ಮೈದಾನ ನೋಡಲು ಹೊರಟರು. ಮುಂದೆ ಅಧ್ಯಕ್ಷರಾದ ಬಾಬಾಸಾಹೇಬ ಸಾವಕಾರರು, ದೊಡ್ಡ ಮೀಸೆ, ದೊಡ್ಡ ನಗು. ಪಕ್ಕದಲ್ಲಿ ಸೆಕ್ರೆಟರಿ ಜ್ಞಾನದೇವ ಸರ್. ಅವರು ಫ್ಯಾಕ್ಟರಿಯ ಇಂಜಿನಿಯರು. ಕ್ಯಾಪಿಲ್ಲದೆ ಅವರನ್ನು ಕಂಡವರಿಲ್ಲ. ಹಿಂದೆ ಅಪ್ಪ. ಅಪ್ಪನಿಗೆ ಬುತ್ತಿ ತಂದಿದ್ದ ಚಂದ್ರಿಯೂ ಬಾಲದಂತೆ ಹಿಂದೆ ಹೊರಟಳು.

ಐದು ಹೋಲು ನೋಡಿ ಎಲ್ಲರೂ ಖುಷಿಯಾದರು. “ಶಾಬಾಸ್ ಸತ್ತೆಪ್ಪಾ! ಪೂರ ಬಂದಿತ್ತು ಅಂತ ಯಾರೂ ಹೇಳಂಗಿಲ್ಲ,” ಎಂದರು ಸಾವಕಾರರು. ಅಪ್ಪನ ಮುಖ ಅರಳಿತು.

ತಗ್ಗು ದಾಟಿ ದಿಬ್ಬ ಏರಿದರು. ಏರಿದವರು ಅಲ್ಲೇ ನಿಂತುಬಿಟ್ಟರು.

“ಹೇ ಕಾಯ್? ಇದೇನಿದು?” ಎಂದರು ಸೆಕ್ರೆಟರಿ.

“ಕಡಲಿ,” ಎಂದರು ಸಾವಕಾರರು.

“ಕಡಲಿ ಅನ್ನೂದು ನನಗೂ ಕಾಣಸ್ತೈತ್ರಿ. ನಮ್ಮ ಆರನೇ ಹೋಲ್ ಎಲ್ಲೈತಿ?”

ಹಸಿರು ಸಾಲುಗಳ ನಡುವೆ ಒಂದು ಕಡೆ ಕಡಲೆ ಗಿಡಗಳು ಗುಂಪುಗಟ್ಟಿ, ಒಂದರ ಮೇಲೊಂದು ಬಿದ್ದು, ದೊಡ್ಡ ಹೂದಾನಿಯ ಹಾಗೆ ಬೆಳೆದಿದ್ದವು. ಸೆಕ್ರೆಟರಿ ತಮ್ಮ ಆಟದ ಕೋಲಿನಿಂದ ಅದರ ಬುಡ ಚುಚ್ಚಿದರು. ಟಣ್ ಎಂದಿತು. ತಗಡಿನ ಡಬ್ಬಿ!

ಒಬ್ಬರಿಬ್ಬರು ಕಿಸಕ್ಕೆಂದು ನಕ್ಕರು. ಸೆಕ್ರೆಟರಿ ನಗಲಿಲ್ಲ. ಅವರ ಕಣ್ಣು ಕಡಲೆಯ ಸಾಲಿನ ಹಿಂದೆಯೇ ಹೋಯಿತು. ಅದೇ ಸಾಲು, ಅದೇ ಬೆಳೆ ಎಲ್ಲಿಯೂ ನಿಲ್ಲದೆ ಸತ್ತೆಪ್ಪನ ಹೊಲಕ್ಕೆ ಹೋಗಿ ಕೂಡಿತ್ತು.

“ಸತ್ತೆಪ್ಪಾ, ಹೊಳಿ ಬಾಂದ ಅಳಿಸ್ತು ಅಂತ ಇದ ಸಂಧಿ ನೋಡಿ ಬಾಂದ ಒತ್ತಿಬಿಟ್ಟೇನು? ನಮ್ಮ ಮೈದಾನ ಕಾಯೋನು ನೀನ, ಅದನ್ನ ನುಂಗೋನೂ ನೀನ?”

ಆ ಸೀಮೆಯಲ್ಲಿ ಒಬ್ಬನನ್ನು ಬಡವ ಎನ್ನಬಹುದು, ದಡ್ಡ ಎನ್ನಬಹುದು. ಅವನು ನಕ್ಕು ಮುಂದೆ ಹೋದಾನು. ಬಾಂದ ಒತ್ತಿದವ, ಅಂದರೆ ಗಡಿ ಸರಿಸಿ ಪಕ್ಕದವರ ನೆಲ ತಿಂದವ ಎಂದು ಮಾತ್ರ ಎನ್ನಬಾರದು. ಆ ಮಾತು ಮೂರು ತಲೆಮಾರು ಬಾಗಿಲಲ್ಲಿ ಕೂತಿರುತ್ತದೆ.

ಅಪ್ಪ ಕಡಲೆಯನ್ನು ನೋಡಿದ. ಬಾವಿಯ ಕಡೆ ನೋಡಿದ. ಅವನ ಮುಖ ಬೂದಿಯಾಯಿತು. ಆದರೂ ಜಗಳ ಮಾಡಲಿಲ್ಲ.

“ತಪ್ಪಾಗೇತ್ರಿ ಸಾಹೇಬ್ರ,” ಎಂದ. ಅಷ್ಟೇ.

ಚಂದ್ರಿಗೆ ಏನೂ ತಿಳಿಯಲಿಲ್ಲ. ತಪ್ಪು ಯಾಕೆ? ಅಗೋ ಅಲ್ಲಿ ಜಾಲಿ ಗಿಡ ನಿಂತಿದೆ. ಗಿಡದ ತನಕ ನಮ್ಮದೇ ಅಲ್ಲವೇ? ಹೇಳಬೇಕೆಂದು ಬಾಯಿ ತೆರೆದಳು. ಆದರೆ ಅಪ್ಪನ ಮುಖ ಕಂಡು ಅವನ ಬೆನ್ನ ಹಿಂದೆ ಸರಿದಳು.

“ಈ ಕಡಲಿ ಇವತ್ತ ಕೀಳಸ್ರಿ,” ಎಂದರು ಸೆಕ್ರೆಟರಿ. “ಸಂಕ್ರಾಂತಿಗೆ ಟೂರ್ನಮೆಂಟ್ ಐತಿ. ಸಾಂಗ್ಲಿ, ಕೊಲ್ಹಾಪುರದಿಂದ ಮಂದಿ ಬರೋರದಾರ.”

“ಬರೂ ಐತವಾರ ಮೀಟಿಂಗ್ ಐತೆಲ್ಲ? ಚಳಿಗಾಲದ ಕಾರ್ಯಕ್ರಮ ಠರಾವ ಮಾಡೂದೈತಿ. ಇದನ್ನೂ ಅಲ್ಲೇ ಮಾತಾಡೂನು. ಅಲ್ಲಿ ತನಕ ಯಾರೂ ಮುಟ್ಟಬ್ಯಾಡ್ರಿ,” ಎಂದು ಸಾವಕಾರರು ಮಾತು ಮುಗಿಸಿದರು.

ಅಪ್ಪ ಆ ದಿನ ಬುತ್ತಿ ಬಿಚ್ಚಲೇ ಇಲ್ಲ.

ಸುದ್ದಿಗೆ ಕಾಲಿಲ್ಲದಿದ್ದರೂ ಓಟ ಜೋರು. ಸಂಜೆ ನೀರಿಗೆ ಹೋದ ಅವ್ವ ಅರ್ಧ ಕೊಡದೊಂದಿಗೆ ತಿರುಗಿ ಬಂದಳು. ಸೋಮವಾರ ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಜನಾಬಾಯಿ ಪಿಸುಗುಟ್ಟಿದಳು: “ನಿಮ್ಮಪ್ಪ ಬಾಂದ ಒತ್ತ್ಯಾನಂತ, ಹೌದೇನ?”

“ಯಾರ ಹೇಳಿದ್ರು? ನಮ್ಮ ನೆಲದಾಗ ನಾವ ಬಿತ್ತೇವಿ!” ಎಂದು ಚಂದ್ರಿ ಅವಳ ಜಡೆ ಎಳೆದಳು. ಗುರುಗಳು ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದರು.

ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಕಣ್ಣು ಕಾಣದೆ ತಾಯಿಯೇ ಬಿತ್ತಿಸಿದ್ದಾಳೆ, ಕೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಅಪ್ಪ ಸುಮ್ಮನಿದ್ದ. ಮಗನೇ ಏನೋ ಎಡವಟ್ಟು ಮಾಡಿಕೊಂಡಿದ್ದಾನೆ, ಕೇಳಿದರೆ ತಲೆ ತಗ್ಗಿಸುತ್ತಾನೆ ಎಂದು ಆಯಿ ಸುಮ್ಮನಿದ್ದಳು. ಇಬ್ಬರ ನಡುವೆ ರೊಟ್ಟಿ ಮುರಿಯುತ್ತ ಕೂತ ಚಂದ್ರಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ, ಯಾರು ಕೆಮ್ಮಿದರೂ ಬೆಚ್ಚುತ್ತಿದ್ದಳು.

ಶನಿವಾರ ಸಂಜೆ ಅವಳಿಗೆ ತಡೆಯಲಾಗಲಿಲ್ಲ.

“ಅಪ್ಪಾ, ಜಾಲಿ ಗಿಡದ ತನಕ ನಮ್ದ ಅಲ್ಲೇನು?”

“ಹೌದು ನಮ್ದ.”

“ಮತ್ತ?”

“ಮತ್ತೇನು? ಗಿಡ ಎಲ್ಲೈತಿ ಈಗ? ಹೊಳಿ ಎತ್ಕೊಂಡು ಹೋತಲ್ಲ. ಬಾವಿಯಿಂದ ನಾಕ ಹೆಜ್ಜಿ ಆಚೆ ಇತ್ತು.”

ಚಂದ್ರಿಯ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. ಗಿಡ ಬಾವಿಯ ಹತ್ತಿರ ಇತ್ತೇ? ಹೌದು! ಪಂಚಮಿಯಲ್ಲಿ ಜೋಕಾಲಿ ಜೀಕಿದಾಗ ಬಾವಿಯ ರಾಟೆ ಕಾಲ ಕೆಳಗೇ ಕಾಣುತ್ತಿತ್ತು. ಹಾಗಾದರೆ ತಾನು ನೋಡಿದ ಗಿಡ?

ಬೆಳಗಾಗುವುದೇ ತಡ, ಅವಳು ಹೊಳೆದಂಡೆಗೆ ಓಡಿದಳು. ಮಾಳ್ಯಾನೂ ಹಿಂದೆ ಓಡಿದ. ಜಾಲಿ ಗಿಡ ಕಡಲೆಯ ಅಂಚಿನಲ್ಲಿ ವಾಲಿಕೊಂಡು ನಿಂತಿತ್ತು, ಹಗ್ಗದ ತುಂಡು ಗಾಳಿಗೆ ಆಡುತ್ತಿತ್ತು. ಚಂದ್ರಿ ಈ ಸಲ ಗಿಡವನ್ನು ಸುತ್ತು ಹಾಕಿ ನೋಡಿದಳು. ಆಚೆ ಬದಿಯಲ್ಲಿ ಅರ್ಧ ಬೇರು ಮೇಲೆದ್ದು ಬಿಸಿಲಿಗೆ ಒಣಗಿತ್ತು. ಇನ್ನರ್ಧ ಕೆಸರಿನಲ್ಲಿ ಹೂತು ಹೋಗಿತ್ತು. ಒಂದು ಎಲೆ ಕೂಡ ಇರಲಿಲ್ಲ.

“ಅಕ್ಕಾ, ಗಿಡ ಸತ್ತೈತಿ,” ಎಂದ ಮಾಳ್ಯಾ.

“ಗಿಡ ನಡದೈತಿ ಮಾಳ್ಯಾ,” ಎಂದಳು ಚಂದ್ರಿ. ಅವಳಿಗೆ ಅಳು ಬಂತು. ಅಪ್ಪ ವಾರದಿಂದ ತಲೆ ತಗ್ಗಿಸಿ ಓಡಾಡುತ್ತಿದ್ದದ್ದು ತನ್ನಿಂದ. ಬಾಂದ ಒತ್ತಿದವಳು ತಾನೇ. ಅವಳು ಮೂಗು ಒರೆಸಿಕೊಂಡು ಕ್ಲಬ್ಬಿನ ದಾರಿ ಹಿಡಿದಳು.

ಕ್ಲಬ್ಬಿನ ಜಗುಲಿಯಲ್ಲಿ ಮೀಟಿಂಗು ಜೋರಾಗಿ ನಡೆದಿತ್ತು. ಹೊಸ ಸುಣ್ಣದ ವಾಸನೆ, ಚಹಾದ ವಾಸನೆ. ಚಳಿಗಾಲದಲ್ಲಿ ಏನೇನು ಮಾಡಬೇಕೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಟೂರ್ನಮೆಂಟು ಅಂತೂ ಸೈ. ಮಕ್ಕಳಿಗೆ ಚೀಲದ ಓಟ ಇಡೋಣ ಎಂದರು ಡಾಕ್ಟರು. ಹೆಂಗಸರಿಗೆ ಬ್ಯಾಡ್ಮಿಂಟನ್ ಎಂದರೊಬ್ಬರು. ಊಟಕ್ಕೆ ಏನು ಎಂದು ಕೇಳಿದವರು ನಾಲ್ಕು ಮಂದಿ.

“ಎಲ್ಲಾ ಆಮ್ಯಾಲ,” ಎಂದರು ಜ್ಞಾನದೇವ ಸರ್. “ಮೊದ್ಲ ಆರನೇ ಹೋಲಿನ ಮಾತ ಬಗೀಹರೀಲಿ.”

ಮೂಲೆಯಲ್ಲಿ ನಿಂತಿದ್ದ ಅಪ್ಪ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ಒಂದು ಹೆಜ್ಜೆ ಮುಂದೆ ಬಂದ. ಅದೇ ಹೊತ್ತಿಗೆ ಚಂದ್ರಿ ಕೆಸರುಗಾಲಿನಲ್ಲೇ ಜಗುಲಿ ಹತ್ತಿದಳು. ತೊಳೆದ ಫರಸಿಕಲ್ಲಿನ ನೆಲದ ಮೇಲೆ ಅವಳ ಹೆಜ್ಜೆಗಳು ಸಾಲಾಗಿ ಮೂಡಿದವು.

“ನಾನ್ರಿ,” ಎಂದಳು.

“ನೀನಂದ್ರ?” ಎಂದರು ಸಾವಕಾರರು.

“ಕಡಲಿ ಬಿತ್ತಿದಾಕಿ ನಾನ್ರಿ. ಅಪ್ಪ ಅಲ್ರಿ. ಆಯಿ ಜಾಲಿ ಗಿಡದ ತನಕ ಬಿತ್ತು ಅಂದ್ಳು. ನಾ ಗಿಡದ ತನಕ ಬಿತ್ತಿದ್ನಿ. ಆದ್ರ ಗಿಡಾನ ನಡಕೋತ ಬಂದು ನಿಮ್ಮ ಮೈದಾನದಾಗ ನಿಂತಿತ್ರಿ. ನಾ ಜೋಕಾಲಿ ಹಗ್ಗ ಅಷ್ಟ ನೋಡಿದ್ನಿ. ಬೇರು ನೋಡಲಿಲ್ರಿ...”

ಬಾಗಿಲಲ್ಲಿ ನಿಂತ ಮಾಳ್ಯಾನಿಗೆ ಎಲ್ಲ ಶ್ರೇಯಸ್ಸೂ ಅಕ್ಕನಿಗೇ ಹೋಗುತ್ತಿದೆ ಎನ್ನಿಸಿತು.

“ಕುಣಿಯೊಳಗಿಂದು ನಂದು!” ಎಂದು ಎದೆ ತಟ್ಟಿಕೊಂಡ.

ಮೊದಲು ನಕ್ಕವರು ಡಾಕ್ಟರು. ಆಮೇಲೆ ಜಗುಲಿಗೆ ಜಗುಲಿಯೇ ನಕ್ಕಿತು. ಸಾವಕಾರರು ಮಾತ್ರ ನಗದೆ ಎದ್ದು ಚಪ್ಪಲಿ ಮೆಟ್ಟಿದರು. “ನಡೀರಿ, ಗಿಡ ನೋಡೂನು,” ಎಂದರು.

ಎಲ್ಲರೂ ಹೋದರು. ಸಾವಕಾರರು ಜಾಲಿಯ ಒಣ ಬೇರನ್ನು ಮುಟ್ಟಿದರು. ಹಗ್ಗದ ತುಂಡನ್ನು ಎಳೆದು ನೋಡಿದರು. “ಹೊಳಿ ಬೇರಸಮೇತ ಎತ್ತಿ ತಂದು ಇಲ್ಲಿ ನೆಟ್ಟು ಹೋಗೈತಿ. ನಾವು ದೊಡ್ಡವರು ಬೇರು ನೋಡತೀವಿ, ಸಣ್ಣವರು ಜೋಕಾಲಿ ನೋಡತಾರ. ತಪ್ಪೇನೈತಿ ಇದರಾಗ?” ಎಂದರು. ಆಮೇಲೆ ಅಪ್ಪನ ಕಡೆ ತಿರುಗಿದರು. “ಅಲ್ಲೋ ಸತ್ತೆಪ್ಪಾ, ನೀ ಯಾಕ ಬಾಯಿ ಬಿಡಲಿಲ್ಲ?”

“ನಮ್ಮವ್ವ ಬಿತ್ತ್ಯಾಳ ಅನ್ಕೊಂಡಿದ್ನಿರಿ. ಮಂದಿ ಮುಂದ ಅಕಿ ಹೆಸರ ಹೆಂಗ ಹೇಳ್ಲಿ?”

ಅಷ್ಟರಲ್ಲಿ ಮಕ್ಕಳನ್ನು ಹುಡುಕುತ್ತ ಬಂದ ಆಯಿ ಕೋಲೂರಿ ನಿಂತಿದ್ದಳು. “ನಾ ನೀ ಬಿತ್ತೀದಿ ಅನ್ಕೊಂಡಿದ್ನೆಪಾ,” ಎಂದಳು. ಮತ್ತೆ ಸುತ್ತ ನೋಡಿ, “ಹೊಲ ದೊಡ್ಡದಾಗೇತಿ ಅಂತ ನಾ ಹೇಳಿರಲಿಲ್ಲೇನು? ಯಾರರೆ ನನ್ನ ಮಾತ ಕೇಳಿದ್ರೇನು?” ಎಂದು ಗದರಿದಳು.

ಈ ಸಲ ಅಪ್ಪನೂ ನಕ್ಕ. ವಾರದ ಮೇಲೆ ಅಪ್ಪ ನಕ್ಕಿದ್ದು ನೋಡಿ ಚಂದ್ರಿಗೆ ಮತ್ತೆ ಅಳು ಬಂತು. ಇದು ಬೇರೆ ಅಳು.

“ಅದೆಲ್ಲಾ ಸರಿ. ಆದ್ರ ಕಡಲಿ?” ಸೆಕ್ರೆಟರಿ ಕೇಳಿದರು. ಅವರ ದನಿ ಮೆತ್ತಗಾಗಿತ್ತು. “ಹೋಲ್ ಅಂತೂ ಬೇಕಲ್ರಿ.”

ಸಾವಕಾರರು ಬಗ್ಗಿ ಒಂದು ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡರು. ಹುಳಿಗೆ ಒಂದು ಕಣ್ಣು ಮುಚ್ಚಿತು. ಗಿಡದ ತುಂಬ ಸಣ್ಣ ಸಣ್ಣ ನೇರಳೆ ಹೂ.

“ಹೂ ಬಿಟ್ಟೈತಿ ಜ್ಞಾನದೇವ. ಹೂ ಬಿಟ್ಟ ಹೊಲ ಬಸುರಿ ಹೆಂಗಸಿದ್ದಂಗ. ನಾ ಇದನ್ನ ಕೀಳಿಸಿದ್ರ ನಮ್ಮವ್ವ ಗಿರಿಜವ್ವ ನನಗ ಮನ್ಯಾಗ ರೊಟ್ಟಿ ಹಾಕಂಗಿಲ್ಲ. ಈ ವರ್ಷ ಐದ ಹೋಲ್ ಆಡೂನು, ಆರನೇದಕ್ಕ ಮತ್ತ ಒಂದನೇದ ಆಡೂನು. ಬೀಜ ಇವರದು, ನೆಲ ನಮ್ದು. ಬಂದಿದ್ದು ಅರ್ಧಾ ಅರ್ಧಾ. ಏನ್ ಚನ್ನವ್ವಾ?”

“ಆಗಲೆಪಾ. ಆದ್ರ ಎಳ್ಳ ಅಮಾಸಿಗೆ ಭೂಮಿತಾಯಿಗೆ ಎಡಿ ಮಾಡಿ ಚರಗ ಚೆಲ್ಲಬೇಕು. ಬೆಳಿ ಇದ್ದಲ್ಲಿ ಚರಗ ತಪ್ಪಬಾರದು.”

“ಬರಕೋರಿ ಸೆಕ್ರೆಟರಿ,” ಎಂದರು ಸಾವಕಾರರು. “ಚಳಿಗಾಲದ ಮೊದಲನೇ ಕಾರ್ಯಕ್ರಮ, ಚರಗ.”

ಹಾಗೆ ಎಳ್ಳು ಅಮಾವಾಸ್ಯೆಯ ದಿನ ಗಾಲ್ಫ್ ಕ್ಲಬ್ಬಿನ ಕಟ್ಟಡದ ಮುಂದೆ ಎತ್ತಿನ ಬಂಡಿಗಳು ನಿಂತವು. ಸಜ್ಜೆ ಕಡಬು, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರನ್ನ. ಫ್ಯಾಕ್ಟರಿಯ ಸಾಹೇಬರ ಹೆಂಡಂದಿರು ಹೊಲದಲ್ಲಿ ಕೂತು ಉಂಡರು. ಆಯಿ ಹಾಡು ಹೇಳಿಕೊಟ್ಟಳು. ಸಾವಕಾರರು ಚರಗದ ಬುಟ್ಟಿ ಹಿಡಿದು ಕಡಲೆಯ ಸುತ್ತ ಕೂಗುತ್ತ ನಡೆದರೆ ಹಿಂದೆ ಮಾಳ್ಯಾ ಇನ್ನೂ ಜೋರಾಗಿ ಕೂಗುತ್ತ ನಡೆದ. ಜನಾಬಾಯಿಯೂ ಬಂದಿದ್ದಳು. ಚಂದ್ರಿ ಅವಳಿಗೆ ಎರಡು ಕಡಬು ಹೆಚ್ಚು ಬಡಿಸಿದಳು. ಜಡೆ ಎಳೆದದ್ದಕ್ಕೆ ಒಂದು, ತಾನು ತಪ್ಪು ಹೇಳಿದ್ದಕ್ಕೆ ಒಂದು.

ಸಂಕ್ರಾಂತಿ ಬರುವ ಹೊತ್ತಿಗೆ ಕಡಲೆ ಕಾಯಿ ಕಟ್ಟಿತ್ತು. ಟೂರ್ನಮೆಂಟಿನ ದಿನ ಬೆಳಗಿನ ಮಂಜಿನಲ್ಲಿ ಜೀಪುಗಳು ಬಂದವು. ಬಿಳಿ ಬೂಟಿನ ಆಟಗಾರರು ಇಳಿದರು. ಕಡಲೆಯೊಳಗೆ ಚೆಂಡು ಬಿದ್ದರೆ ಬೂಟು ಕಳಚಿ ಬರಿಗಾಲಲ್ಲಿ ಹೋಗಿ ಹುಡುಕಬೇಕು ಎಂದು ಸಾವಕಾರರು ಹೊಸ ಕಾನೂನು ಮಾಡಿದ್ದರು. ಯಾಕೋ ಏನೋ, ಆ ದಿನ ಚೆಂಡುಗಳೆಲ್ಲ ಕಡಲೆಗೇ ಬೀಳತೊಡಗಿದವು. ಹುಡುಕಲು ಹೋದವರು ಬೇಗ ತಿರುಗಿ ಬರುತ್ತಲೂ ಇರಲಿಲ್ಲ. ಬಂದವರ ಬಾಯಿ ಆಡುತ್ತಿತ್ತು.

ಅಪ್ಪ ಜಾಲಿ ಗಿಡವನ್ನು ಕಡಿದು ಬೆಂಕಿ ಮಾಡಿದ್ದ. ಅದರಲ್ಲಿ ಹಸಿ ಕಡಲೆಯ ಗಿಡಗಳನ್ನು ಬೇರುಸಮೇತ ಸುಟ್ಟು, ಬೂದಿಯಿಂದ ಸುಲಗಾಯಿ ಆರಿಸಿ ಎಲ್ಲರೂ ತಿಂದರು. ಎಲ್ಲರ ಮೀಸೆಗೂ ಮಸಿ. ಮೀಸೆ ಇಲ್ಲದ ಮಾಳ್ಯಾನಿಗೆ ಹೊಸ ಮೀಸೆ.

“ಏ, ಈ ಕಡಲಿಯೊಳಗ ನಮ್ದೂ ಪಾಲು ಐತಿ,” ಎಂದರು ಸಾಂಗ್ಲಿಯಿಂದ ಬಂದ ಒಬ್ಬ ಮುದುಕರು. “ಮಣ್ಣು ನಮ್ಮೂರಿಂದ. ಹೊಳಿ ಕದ್ಕೊಂಡು ಬಂದು ನಿಮಗ ಕೊಟ್ಟೈತಿ.”

“ತಿನ್ರಿ, ತಿನ್ರಿ. ತಿಂದ ತೀರಿಸ್ಕೋರಿ,” ಎಂದಳು ಆಯಿ.

ಚಂದ್ರಿ ಬೆಂಕಿಗೆ ಹಾಕಲು ಇನ್ನಷ್ಟು ಗಿಡ ತರಲು ಹೊಲದ ಅಂಚಿಗೆ ಹೋದಳು. ಉಡಿ ತುಂಬಿಕೊಂಡು ತಿರುಗಿದಾಗ ಕಡೆಯ ಸಾಲಿನಲ್ಲಿ ಯಾರೋ ಮೊಣಕಾಲೂರಿ ಕೂತಿದ್ದು ಕಂಡಿತು. ಬರಿಗಾಲು, ತಲೆಯ ಮೇಲೆ ಕ್ಯಾಪು. ಜ್ಞಾನದೇವ ಸರ್. ಅವರ ಚೆಂಡು ಅಲ್ಲೇ, ಅವರ ಎದುರಿಗೇ ಬಿದ್ದಿತ್ತು. ಅವರು ಹುಡುಕುತ್ತಿದ್ದದ್ದು ಬೇರೆ.

ಚಂದ್ರಿಯನ್ನು ಕಂಡು ಅವರು ಕೈಯಲ್ಲಿದ್ದ ಕಾಯನ್ನು ಕೆಳಗೆ ಬಿಟ್ಟರು. “ಬಾಲ್... ಬಾಲ್ ನೋಡಾಕತ್ತಿದ್ನಿ,” ಎಂದರು.

“ತಿನ್ರಿ ಸರ್. ಇದು ಹಾದಿ ಮಂದಿ ಸಾಲು.”

“ಹಂಗಂದ್ರ?”

“ಹಾದ್ಯಾಗ ಹೋಗೋರಿಗೆ ಅಂತನ ಬಿತ್ತೇವ್ರಿ. ನೀವು ತಿಂದ್ರ ನಾವು ನೋಡೂದಿಲ್ಲ, ಕೇಳೂದಿಲ್ಲ.”

ಸೆಕ್ರೆಟರಿ ಅವಳನ್ನೇ ನೋಡಿದರು. ಆಮೇಲೆ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿ ನಕ್ಕರು.

“ಆದ್ರ ಈ ಸಾಲಿನ್ಯಾಗ ಗಿಡಾನ ಇಲ್ಲಲ್ಲ ಬೇಬಿ! ಇಲ್ಲೊಂದು, ಅಲ್ಲೊಂದು.”

ಚಂದ್ರಿ ಸಾಲನ್ನು ನೋಡಿದಳು. ಉಳಿದ ಸಾಲುಗಳೆಲ್ಲ ಹಸಿರಾಗಿ ತುಂಬಿ ನಿಂತಿದ್ದವು. ಇದೊಂದೇ ಹಲ್ಲು ಬಿದ್ದ ಬಾಯಿಯ ಹಾಗಿತ್ತು. ಮಣ್ಣು ಅದೇ, ಬೀಜ ಅದೇ, ಹೊಳೆಯೂ ಅದೇ. ಅವಳ ಕಿವಿ ಬಿಸಿಯಾಯಿತು.

ಅವಳು ಉಡಿ ಬಿಚ್ಚಿದಳು. ಸೆಕ್ರೆಟರಿಯ ಕ್ಯಾಪು ಕೇಳಿ ಇಸಿದುಕೊಂಡು, ಕಾಯಿ ಬಿಡಿಸಿ ಬಿಡಿಸಿ ಅದರ ತುಂಬ ಹಾಕಿದಳು. ತುಂಬಿದ ಮೇಲೂ ಇನ್ನೆರಡು ಮುಷ್ಟಿ ಹಾಕಿದಳು.

ಜ್ಞಾನದೇವ ಸರ್ ಆ ಕ್ಯಾಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೆಂಕಿಯ ಕಡೆ ನಡೆದರು. ಅಪ್ಪ ಅಲ್ಲಿ ಒಬ್ಬನೇ ಕೂತು ಕಟ್ಟಿಗೆ ಸರಿಸುತ್ತಿದ್ದ. ಅವರು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತರು. ಏನು ಮಾತಾಡಿದರೋ ಚಂದ್ರಿಗೆ ಕೇಳಿಸಲಿಲ್ಲ. ಕ್ಯಾಪನ್ನು ಇಬ್ಬರ ನಡುವೆ ಇಟ್ಟಿದ್ದು, ಅಪ್ಪ ಅದರಿಂದ ಒಂದು ಕಾಯಿ ತೆಗೆದುಕೊಂಡು ಸುಲಿದದ್ದು ಕಂಡಿತು.

ಸಂಜೆ ಎಲ್ಲರೂ ಹೋದ ಮೇಲೆ ಚಂದ್ರಿ ಆಯಿಯ ಹತ್ತಿರ ಬಂದು ಕೂತಳು. ಬೇಗ ಬಲಿತು ಒಣಗಿದ ಕೆಲವು ಕಾಯಿಗಳನ್ನು ಆರಿಸಿ, ಸುಲಿದು, ದಪ್ಪ ದಪ್ಪ ಕಾಳನ್ನಷ್ಟೇ ತೆಗೆದು ಆಯಿಯ ಸೆರಗಿನ ತುದಿಯಲ್ಲಿ ಗಂಟು ಹಾಕತೊಡಗಿದಳು.

“ಏನ ಕಟ್ಟಾಕತ್ತೀ? ತಿನ್ನಾಕ?” ಆಯಿ ಬೆರಳಿನಿಂದ ಗಂಟನ್ನು ತಡವಿ ಕೇಳಿದಳು.

“ಇವು ತಿನ್ನಾಕಲ್ಲ,” ಎಂದಳು ಚಂದ್ರಿ. “ಬರೂ ವರ್ಷ ಕಡೀ ಸಾಲಿಗೆ.”